ಹಿಡಿದುಕೊಂಡು ಹೋಗುವವರಿಗೆ ಫೋನ್ ಮಾಡುವ ಮೊದಲು

"ಮೇಡಂ, ಕುಡಿತ ಬಿಡಿಸೋ ಕೇಂದ್ರದವರೇ ಗಾಡಿ ತಂದು ಹಿಡ್ಕೊಂಡು ಹೋಗ್ತಾರಂತೆ. ಆರು ತಿಂಗಳು ಅಲ್ಲೇ ಇರ್ಲಿ ಬಿಡಿ." ಕುಡಿತ ಬಿಡಿಸಲು ಸಲಹೆ ಕೇಳಿ ನನ್ನ ಬಳಿ ಬರುವ ಕುಟುಂಬಗಳಿಂದ ಈ ಮಾತು ಜಾಸ್ತಿ ಕೇಳುತ್ತಿದ್ದೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿ.

ಮೂವತ್ತು ದಾಟಿದ ಯುವಕ. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆ. ಜೊತೆಗೆ ಖಿನ್ನತೆ. ಹಿಂದೆ ಅಂಥದ್ದೇ ಒಂದು ಕೇಂದ್ರದಲ್ಲಿ ಇದ್ದು ಬಂದಿದ್ದ. ತಾಯಿ, ಅಣ್ಣ ಮತ್ತೆ ಅಲ್ಲಿಗೇ ಕಳಿಸುವವರಿದ್ದರು. ಮೊದಲು ಆತನನ್ನು ಕರೆತನ್ನಿ ಅಂದೆ.

ಬಂದ. ಅಣ್ಣನೇ ಮಾತಾಡುತ್ತಿದ್ದರು: ಸಾಲ, ಅಡ ಇಟ್ಟ ಬೈಕು, ಅಮ್ಮನ ಬಿಪಿ. ನಾನು ತಡೆದು, "ಅಲ್ಲಿ ಹೇಗಿದ್ರಿ?" ಎಂದು ಆತನನ್ನೇ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ: "ರಾತ್ರಿ ಮಲಗಿದ್ದೆ, ಎತ್ಕೊಂಡು ಹೋದ್ರು. ತಲೆ ಬೋಳಿಸಿದ್ರು. ಅಮ್ಮನ ಜೊತೆ ಫೋನಲ್ಲೂ ಮಾತಾಡೋಕೆ ಬಿಡ್ಲಿಲ್ಲ. ಅದನ್ನೆಲ್ಲ ಮರೀಬಹುದು ಮೇಡಂ. ಆದ್ರೆ ಅವತ್ತು ಬಾಗಿಲು ತೆಗೆದಿದ್ದು ಅಣ್ಣ."

ಅಣ್ಣ ತಲೆ ತಗ್ಗಿಸಿದರು. ಅವರನ್ನು ನಾನು ದೂರುವುದಿಲ್ಲ, ವರ್ಷಗಟ್ಟಲೆ ನಿದ್ದೆಗೆಟ್ಟವರು ಅವರು. ಆದರೆ ಚಿಕಿತ್ಸೆ ಮುಗಿದ ಮೇಲೆ ಆತ ಬಂದು ಬಾಳಬೇಕಾದದ್ದು ಇದೇ ಅಣ್ಣನ ಜೊತೆ ಅಲ್ವಾ?

ನಾನು ಕೊಟ್ಟ ಸಲಹೆ: ಮೊದಲು ಮನೋವೈದ್ಯರಿರುವ ಆಸ್ಪತ್ರೆ. ದಿನವೂ ಜಾಸ್ತಿ ಕುಡಿಯುವವರು ದಿಢೀರನೆ ಬಿಟ್ಟರೆ ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಂಡು ದಿಕ್ಕುತಪ್ಪಬಹುದು, ಔಷಧಿ ಇಲ್ಲದೆ ಕೋಣೆಯಲ್ಲಿ ಕೂಡಿಹಾಕಿದರೆ ಜೀವವೇ ಹೋಗಬಹುದು. ಆಮೇಲೆ ಕೇಂದ್ರ. ಅದು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯಾ, ವೈದ್ಯರು ಬರುತ್ತಾರಾ, ಮನೆಯವರನ್ನು ನೋಡಲು ಬಿಡುತ್ತಾರಾ ಎಂದು ಮೊದಲೇ ಕೇಳಿ. ಒಳಗೆ ಬಿಡದೆ ಬಾಗಿಲಲ್ಲೇ ದುಡ್ಡು ಕೇಳುವ ಕಡೆ ಸೇರಿಸಬೇಡಿ.

"ಒಪ್ಪದೇ ಇದ್ರೆ ಸಾಯೋಕೆ ಬಿಡೋದಾ?" ಎಂದು ತಾಯಿ ಕೇಳಿದರು. ಖಂಡಿತ ಇಲ್ಲ. ಜೀವಕ್ಕೆ ಅಪಾಯವಿದ್ದು, ಸ್ವತಃ ನಿರ್ಧರಿಸುವ ಸ್ಥಿತಿಯಲ್ಲಿ ಇಲ್ಲದಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ದಾರಿಯಿದೆ. ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಬೇರೆಬೇರೆಯಾಗಿ ಪರೀಕ್ಷಿಸಿ 30 ದಿನದವರೆಗೆ ದಾಖಲಿಸಬಹುದು. ಸರಪಳಿ ಹಾಕುವುದನ್ನು, ಬಲವಂತವಾಗಿ ತಲೆ ಬೋಳಿಸುವುದನ್ನು ಅದೇ ಕಾಯ್ದೆ ನಿಷೇಧಿಸಿದೆ.

ಆತ ಒಪ್ಪಿದ. ಹಗಲು ಹೊತ್ತು, ಅಣ್ಣನೇ ಕರೆದುಕೊಂಡು ಹೋಗಬೇಕು ಅಂದ. ಹೋದರು. ನಡುವೆ ಒಮ್ಮೆ ಮತ್ತೆ ಕುಡಿದ, ಆದರೆ ತಾನೇ ಫೋನ್ ಮಾಡಿ ಹೇಳಿದ.

ಎಲ್ಲಿಗೆ ಹೋಗಬೇಕು ಎಂದೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.