ಊಟ ಅರಗಿಸುವ ಆಸಿಡ್ ಹೊಟ್ಟೆಯನ್ನೇ ಯಾಕೆ ಅರಗಿಸುವುದಿಲ್ಲ?

ಗಾಂಧಿ ಬಜಾರಿನ ಯಾವುದಾದರೂ ದರ್ಶಿನಿ ಮುಂದೆ ವಡೆ ಕರಿಯುವ ವಾಸನೆ ಬಂದರೆ ಸಾಕು, ಕೆಲಸ ಶುರು. ತುತ್ತು ಬಾಯಿಗೆ ಹೋಗುವ ಮುಂಚೆಯೇ ಮೆದುಳು ಜಠರಕ್ಕೆ ಸುದ್ದಿ ಮುಟ್ಟಿಸುತ್ತದೆ, ರಸ ಒಸರುತ್ತದೆ. ದಿನಕ್ಕೆ ಸುಮಾರು 2 ಲೀಟರ್!

ಈ ರಸದಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇದೆ. ಆದರೆ ಕತ್ತರಿಸುವ ಕೆಲಸ ಅದರದ್ದಲ್ಲ. ಬಿಸಿ ಹಾಲಿಗೆ ನಿಂಬೆರಸ ಹಿಂಡಿದರೆ ಒಡೆದು ಗಂಟು ಗಂಟಾಗುತ್ತದೆ ಅಲ್ವಾ? ಹುಳಿ ಬಿದ್ದರೆ ಪ್ರೋಟೀನಿನ ಸ್ಥಿತಿಯೇ ಬದಲು. ಹೊಟ್ಟೆಯಲ್ಲಿ ಆಸಿಡ್ ಪ್ರೋಟೀನಿನ ಸುರುಳಿ ಬಿಚ್ಚುತ್ತದೆ, ಪೆಪ್ಸಿನ್ ಎಂಬ ಕಿಣ್ವ ಅದನ್ನು ತುಂಡು ಮಾಡುತ್ತದೆ. ಪೆಪ್ಸಿನ್ ಮೊದಲು ಪೆಪ್ಸಿನೋಜನ್ ಆಗಿ ಸುಮ್ನೆ ಮಲಗಿರುತ್ತದೆ. ಆಸಿಡ್ ತಗುಲಿದ ಮೇಲೇ ಎಚ್ಚರ. ಇಡ್ಲಿಯಲ್ಲಿರುವ ಉದ್ದಿನ ಪ್ರೋಟೀನ್ ಇಲ್ಲಿ ಒಡೆಯಲು ಶುರುವಾಗುತ್ತದೆ. ಅಕ್ಕಿಯ ಪಿಷ್ಟದ ಸರದಿ ಜಾಸ್ತಿ ಬರುವುದು ಸಣ್ಣ ಕರುಳಿನಲ್ಲಿ.

ಇನ್ನು ಮೊದಲಿನ ಪ್ರಶ್ನೆ, ಆಸಿಡ್ ಹೊಟ್ಟೆಯನ್ನೇ ಯಾಕೆ ಅರಗಿಸುವುದಿಲ್ಲ? ಜಠರದ ಒಳಗೋಡೆಗೆ ಲೋಳೆ ಮೆತ್ತಿರುತ್ತದೆ. ಅದರಲ್ಲಿ ಬೈಕಾರ್ಬೊನೇಟ್ ಇದೆ, ಅಡುಗೆ ಸೋಡಾದಲ್ಲಿರುವುದೂ ಅದೇ. ಗೋಡೆ ಮುಟ್ಟುವಷ್ಟರಲ್ಲಿ ಆಸಿಡ್ ಸಪ್ಪೆ. ಮೇಲ್ಪದರದ ಕೋಶಗಳೂ ಕೆಲವೇ ದಿನಗಳಲ್ಲಿ ಹೊಸದಾಗುತ್ತವೆ. ಅನ್ನನಾಳಕ್ಕೆ ಇಷ್ಟು ರಕ್ಷಣೆ ಇಲ್ಲ, ಅದಕ್ಕೇ ಆಸಿಡ್ ಮೇಲೆ ಬಂದರೆ ಎದೆ ಉರಿ.

ಖಾರ ತಿಂದರೆ ಹೊಟ್ಟೆ ಹುಣ್ಣಾಗುತ್ತದೆ ಅಂತ ನಮ್ಮಜ್ಜಿ ಬೈಯುತ್ತಿದ್ದರು. ಆದರೆ ಹೆಚ್ಚಿನ ಹುಣ್ಣಿಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಇಲ್ಲವೇ ಕೆಲವು ನೋವಿನ ಮಾತ್ರೆಗಳು. 1984ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು! 2005ರಲ್ಲಿ ಸಹ-ಸಂಶೋಧಕ ರಾಬಿನ್ ವಾರೆನ್ ಜೊತೆ ಅವರಿಗೆ ನೊಬೆಲ್ ಬಂತು.