ಸಂಪಾದಕರ ಉತ್ತರ: ಶೋಪಾನ್ ಮತ್ತು ಅವನ ನೆರೆಮನೆಯವರು

ಮಾನ್ಯರೇ,

ತಮ್ಮ ಪತ್ರ ಕೈಸೇರಿ ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ತಾವು ಎತ್ತಿದ ಪ್ರಶ್ನೆಗಳಿಗಾಗಿ ಹಲವು ಧ್ವನಿಮುದ್ರಣಗಳನ್ನು ಮತ್ತೆ ಕೇಳಬೇಕಾಯಿತು, ಕೇಳುತ್ತ ಕೂತರೆ ಬರೆಯುವ ಕೆಲಸ ತಾನಾಗಿ ಹಿಂದೆ ಬೀಳುತ್ತದೆ.

ಉಳಿದ ಓದುಗರಿಗೂ ತಿಳಿಯಲೆಂದು ತಮ್ಮ ಪತ್ರದ ಸಾರವನ್ನು ಇಲ್ಲಿ ಹೇಳಿಬಿಡುತ್ತೇನೆ. ತಾವು ಧಾರವಾಡದಲ್ಲಿ ಹುಟ್ಟಿ ಬೆಳೆದವರು, ಚಿಕ್ಕಂದಿನಿಂದ ಹಿಂದುಸ್ತಾನಿ ಕೇಳಿದವರು. ಮಗಳು ನೌಕರಿಗೆಂದು ಪೋಲೆಂಡಿನ ವ್ರೊತ್ಸ್ವಾಫ್ ನಗರಕ್ಕೆ ಹೋದ ಮೇಲೆ ಅಲ್ಲಿಂದ 19ನೇ ಶತಮಾನದ ಪೋಲಿಷ್ ಸಂಗೀತಗಾರ ಶೋಪಾನ್‌ನ ಪಿಯಾನೊ ಸಂಗೀತವನ್ನೂ, ಪೆಂಡೆರೆಟ್ಸ್ಕಿ ಎಂಬ ಆಧುನಿಕರ ಒಂದು ಕೃತಿಯನ್ನೂ ಕಳಿಸಿಕೊಟ್ಟರು. ಮೊದಲನೆಯದು ತಮಗೆ ಬಹಳ ಹಿಡಿಸಿತು. ಎರಡನೆಯದನ್ನು ಎರಡೇ ನಿಮಿಷ ಕೇಳಿ, 'ತುಕ್ಕು ಹಿಡಿದ ಕಬ್ಬಿಣದ ಗೇಟು ಎಳೆದಂತಾಯಿತು' ಎಂದು ನಿಲ್ಲಿಸಿಬಿಟ್ಟಿರಿ. ಶೋಪಾನ್‌ನ ನಂತರ ಆ ದೇಶದಲ್ಲಿ ಕೇಳತಕ್ಕದ್ದು ಏನಿದೆ, ಭಾಷೆ ಬಾರದೆ ಹಾಡುಗಳನ್ನು ಕೇಳಿ ಪ್ರಯೋಜನವೇನು, ಶಾಸ್ತ್ರೀಯದಿಂದ ಆಧುನಿಕದತ್ತ ಕ್ರಮವಾಗಿ ಬರಬೇಕೋ ಹೇಗೆ ಎಂಬುವು ತಮ್ಮ ಮೂರು ಪ್ರಶ್ನೆಗಳು.

ಮೂರನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ನನ್ನ ಉತ್ತರ 'ಬೇಡ' ಎಂದೇ. ಶಾಸ್ತ್ರೀಯ, ಜಾನಪದ, ಜಾಝ್, ರಾಕ್ ಎಂದು ಬೇರೆ ಬೇರೆ ಕಪಾಟುಗಳಲ್ಲಿಟ್ಟು ಒಂದೊಂದನ್ನೇ ತೆರೆಯುವ ಕ್ರಮ ಪೋಲಿಷ್ ಸಂಗೀತಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿ ಈ ಕಪಾಟುಗಳ ನಡುವಿನ ಹಲಗೆ ತೀರ ತೆಳು. ಒಬ್ಬರೇ ವ್ಯಕ್ತಿ ಎರಡು ಮೂರು ಕಡೆ ಕೈಯಾಡಿಸಿರುತ್ತಾರೆ. ಆದ್ದರಿಂದ ಪ್ರಕಾರವನ್ನು ಬಿಟ್ಟು ವ್ಯಕ್ತಿಗಳ ಬೆನ್ನು ಹತ್ತಿ ಹೋಗುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಶೋಪಾನ್‌ನಿಂದಲೇ ಶುರುಮಾಡೋಣ, ಆದರೆ ನಿಧಾನದ, ಕನಸಿನಂಥ ಪಿಯಾನೊ ತುಣುಕುಗಳಾದ ನಾಕ್ಟರ್ನ್‌ಗಳನ್ನು ಬದಿಗಿಟ್ಟು ಮಜುರ್ಕಾಗಳಿಂದ. ರಾಜಧಾನಿ ವಾರ್ಸಾದ ಸುತ್ತಲಿನ ಹಾಗೂ ಅದರ ಪಶ್ಚಿಮದ ಬಯಲುಸೀಮೆಯ ಹಳ್ಳಿಗಳಲ್ಲಿ ಪಿಟೀಲಿಗೆ ಕುಣಿಯುವ ಕುಣಿತಗಳೇ ಇವುಗಳ ಮೂಲ: ಚುರುಕಿನ ಮಜುರ್, ನಿಧಾನದ ಕುಯಾವ್ಯಾಕ್, ಗಿರಗಿರನೆ ತಿರುಗಿಸುವ ಒಬೆರೆಕ್. ಶೋಪಾನ್ ಇಂಥವನ್ನು 50ಕ್ಕೂ ಹೆಚ್ಚು ಬರೆದಿದ್ದಾನೆ. ಮೂರು ಮಾತ್ರೆಗಳ ಲೆಕ್ಕವೇನೋ ಸರಿ, ಆದರೆ ಪೆಟ್ಟು ಮೊದಲ ಮಾತ್ರೆಯಾದ ಸಮದ ಮೇಲೆ ಬೀಳದೆ ಎರಡನೆಯ ಅಥವಾ ಮೂರನೆಯ ಮಾತ್ರೆಯ ಮೇಲೆ ಬೀಳುತ್ತದೆ. ನಾನು ಮೊದಲ ಸಲ ಕೇಳಿದಾಗ ದಾದ್ರಾ ಇರಬಹುದೆಂದು ತೊಡೆಯ ಮೇಲೆ ತಾಳ ಹಾಕಲು ಹೋಗಿ, ನಾಲ್ಕನೇ ಆವರ್ತಕ್ಕೆ ದಿಕ್ಕುತಪ್ಪಿ ಕೈ ಮಡಚಿ ಕೂತೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಶೋಪಾನ್ ಶಿಷ್ಯನೊಬ್ಬನಿಗೆ ಮಜುರ್ಕಾ ಪಾಠ ಹೇಳುತ್ತಿದ್ದಾಗ ಒಳಬಂದ ಮೆಯರ್‌ಬೇರ್, ಅಂದಿನ ಪ್ಯಾರಿಸ್ಸಿನ ಬಹು ಪ್ರಸಿದ್ಧ ಒಪೆರಾ ಸಂಗೀತಗಾರ, ಕೇಳಿದೊಡನೆ 'ಇದು ಎರಡರ ಲೆಕ್ಕ' ಎಂದನಂತೆ. ಶೋಪಾನ್ ಪೆನ್ಸಿಲಿನಿಂದ ಪಿಯಾನೊದ ಮೇಲೆ ಒಂದು, ಎರಡು, ಮೂರು ಎಂದು ಕುಟ್ಟಿ ತೋರಿಸಿದರೂ ಮೆಯರ್‌ಬೇರ್ ತನ್ನ ಪಟ್ಟು ಬಿಡಲಿಲ್ಲ. ಮೆಲುದನಿಯ ಶೋಪಾನ್ ಅಂದು ಕಿರುಚಾಡಿದನೆಂದು ಆ ಶಿಷ್ಯನೇ ಬರೆದಿಟ್ಟಿದ್ದಾನೆ.

ತಮ್ಮ ಕಿವಿಗೆ ಇನ್ನೊಂದು ಬಾಗಿಲೂ ಇದೆ. ಕೃತಿ ಸಂಖ್ಯೆ 68ರ ಮೂರನೆಯ ಮಜುರ್ಕಾವನ್ನು ಹುಡುಕಿ ಕೇಳಿರಿ; ತೀರ ಪುಟ್ಟದು. ಅದರ ನಡುಭಾಗದಲ್ಲಿ ಎಡಗೈ ಷಡ್ಜ-ಪಂಚಮವನ್ನು ತಂಬೂರಿಯ ಹಾಗೆ ಮೀಟುತ್ತಲೇ ಇರುತ್ತದೆ, ಅದರ ಮೇಲೆ ಬಲಗೈ ತೀವ್ರ ಮಧ್ಯಮವನ್ನು ಹಿಡಿದು ಒಂದು ಹಳ್ಳಿಯ ಧಾಟಿಯನ್ನು ನುಡಿಸುತ್ತದೆ. ಯಮನ್ ರಾಗ ಕೇಳಿದವರಿಗೆ ಆ ಮಧ್ಯಮ ಅಪರಿಚಿತವಲ್ಲ. ರಾಗ ಒಂದೇ ಎಂದು ನಾನು ಹೇಳುತ್ತಿಲ್ಲ. ಸ್ವರಗಳ ಮೆಟ್ಟಿಲು ಒಂದೇ ಆದರೂ ಏರುವ ರೀತಿ ಬೇರೆ.

ಈಗ ನೆರೆಮನೆಯ ವಿಷಯ. ವಾರ್ಸಾದಲ್ಲಿ ಶೋಪಾನ್ ಕುಟುಂಬ ಇದ್ದ ಕಟ್ಟಡದಲ್ಲೇ ಕೋಲ್ಬೆರ್ಗ್ ಎಂಬ ಇನ್ನೊಂದು ಕುಟುಂಬವೂ ವಾಸವಾಗಿತ್ತು. ಆ ಮನೆಯ ಹುಡುಗ ಓಸ್ಕರ್ ಕೋಲ್ಬೆರ್ಗ್ ಮುಂದೆ ತನ್ನ ಆಯುಷ್ಯವನ್ನೆಲ್ಲ ಊರೂರು ಅಲೆದು ಹಳ್ಳಿಯ ಹಾಡು, ಕುಣಿತ, ಆಚರಣೆಗಳನ್ನು ಬರೆದುಕೊಳ್ಳುವುದರಲ್ಲಿ ಕಳೆದ. 1795ರಿಂದ 1918ರವರೆಗೆ ರಷ್ಯ, ಪ್ರಷ್ಯ, ಆಸ್ಟ್ರಿಯಗಳ ನಡುವೆ ಹಂಚಿಹೋಗಿ ಭೂಪಟದಲ್ಲೇ ಇಲ್ಲದಿದ್ದ ದೇಶದಲ್ಲಿ ಈ ಕೆಲಸಕ್ಕೆ ಎಷ್ಟು ತೂಕವಿತ್ತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅವನು ಕೂಡಿಟ್ಟ, ವಾರ್ಸಾದ ಸುತ್ತಲಿನ ಮಜೋವಿಯ ಸೀಮೆಯ ಧಾಟಿಗಳನ್ನೇ ಎತ್ತಿಕೊಂಡು ವಿತೋಲ್ಡ್ ಲುತೋಸ್ವಾಫ್ಸ್ಕಿ ಎಂಬುವರು 1954ರಲ್ಲಿ ಆರ್ಕೆಸ್ಟ್ರಾಕ್ಕಾಗಿ ಕನ್ಸರ್ಟೊ ಎಂಬ ಬಗೆಯ ಭಾರಿ ವಾದ್ಯಕೃತಿಯೊಂದನ್ನು ಪೂರ್ಣಗೊಳಿಸಿದರು. ಶೋಪಾನ್‌ನ ನಂತರ ಯಾರು ಎಂದು ತಾವು ಕೇಳಿದ್ದಕ್ಕೆ ನನ್ನ ಮೊದಲ ಉತ್ತರ ಈ ಹೆಸರು.

ನಾಜಿಗಳು ವಾರ್ಸಾವನ್ನು ಹಿಡಿದಿದ್ದ ಕಾಲದಲ್ಲಿ ಸಾರ್ವಜನಿಕ ಕಛೇರಿಗಳು ನಿಂತುಹೋಗಿ, ಸಂಗೀತಗಾರರೆಲ್ಲ ಕಾಫಿಮನೆಗಳಲ್ಲಿ ನುಡಿಸಿ ಹೊಟ್ಟೆ ಹೊರೆಯಬೇಕಾಯಿತು. ಲುತೋಸ್ವಾಫ್ಸ್ಕಿ ಮತ್ತು ಆಂಜೆ ಪನೂಫ್ನಿಕ್ ಎಂಬ ಇನ್ನೊಬ್ಬ ಯುವಕ ಜೊತೆಗೂಡಿ ಎರಡು ಪಿಯಾನೊಗಳಿಗೆಂದು ಸುಮಾರು 200 ರಚನೆಗಳನ್ನು ಹೊಂದಿಸಿಕೊಂಡಿದ್ದರು; 1944ರ ದಂಗೆಯಲ್ಲಿ ಊರು ಸುಟ್ಟಾಗ ಅವೆಲ್ಲ ಹೋಗಿ, ಇಟಲಿಯ ಪಿಟೀಲುವಾದಕ ಪಗನೀನಿಯ ಧಾಟಿಯೊಂದರ ಮೇಲೆ ಲುತೋಸ್ವಾಫ್ಸ್ಕಿ 1941ರಲ್ಲಿ ಬರೆದ ವಿಸ್ತಾರವೊಂದೇ ಉಳಿಯಿತು. ಇಷ್ಟು ಗಂಭೀರ ವ್ಯಕ್ತಿ 1950ರ ದಶಕದ ಕೊನೆಯಲ್ಲಿ 'ಡೆರ್ವಿಡ್' ಎಂಬ ಗುಪ್ತನಾಮದಲ್ಲಿ ರೇಡಿಯೊಗೆ ಟ್ಯಾಂಗೊ, ವಾಲ್ಟ್ಜ್ ಧಾಟಿಯ ಲಘು ಹಾಡುಗಳನ್ನು ಬರೆಯುತ್ತಿದ್ದರು. ಅದೇ ಹೊತ್ತಿಗೆ, 1961ರ 'ವೆನಿಸ್ಸಿನ ಆಟಗಳು' ಎಂಬ ಕೃತಿಯಿಂದ ಅವರು ಹೊಸದೊಂದು ಪದ್ಧತಿಯನ್ನೂ ಶುರುಮಾಡಿದರು. ಸ್ವರಗಳನ್ನು ಬರೆದುಕೊಡುವುದು ರಚನಕಾರರು. ನಿರ್ದೇಶಕರು ಕೈಸನ್ನೆ ಮಾಡಿದ ಮೇಲೆ ಒಬ್ಬೊಬ್ಬ ವಾದಕರೂ ತಮ್ಮ ತಮ್ಮ ಲಯದಲ್ಲಿ, ಪಕ್ಕದವರೊಂದಿಗೆ ತಾಳ ಕೂಡಿಸದೆ ನುಡಿಸುತ್ತಾರೆ, ಮುಂದಿನ ಸನ್ನೆಗೆ ಎಲ್ಲರೂ ಕೂಡುತ್ತಾರೆ. ಗುಂಪಿನ ಗದ್ದಲವಿದ್ದಲ್ಲೂ ಒಂದು ಹದವಿರುತ್ತದೆ, ಜಾತ್ರೆಯನ್ನು ದೂರದ ದಿಬ್ಬದಿಂದ ಕೇಳಿದ ಹಾಗೆ. ಅವರ ಸಮಕಾಲೀನರಾದ ಗ್ರಾಝಿನಾ ಬಾತ್ಸೇವಿಚ್ ಸ್ವತಃ ಪಿಟೀಲುವಾದಕಿ, ನಾಲ್ವರು ಕೂಡಿ ನುಡಿಸುವ ಏಳು ತಂತಿವಾದ್ಯ ಕ್ವಾರ್ಟೆಟ್‌ಗಳನ್ನು ಬರೆದವರು. ಅವರಿಗೆ ಸಲ್ಲಬೇಕಾದ ಹೆಸರು ಹೊರದೇಶಗಳಲ್ಲಿ ಈಗಷ್ಟೇ ಸಲ್ಲುತ್ತಿದೆ. ಅವರ 1948ರ ತಂತಿವಾದ್ಯಗಳ ಕನ್ಸರ್ಟೊವನ್ನು ಬೆಳಗಿನ ಹೊತ್ತು ಕೇಳಿ ನೋಡಿ.

ಇನ್ನು ಆ ಕಬ್ಬಿಣದ ಗೇಟಿಗೆ ಬರುತ್ತೇನೆ. ತಾವು ಕೇಳಿದ್ದು 'ಹಿರೋಷಿಮಾದ ಬಲಿಗಳಿಗೆ ಶೋಕಗೀತೆ' ಎಂಬ ಕೃತಿ. 52 ತಂತಿವಾದ್ಯಗಳಿಗಾಗಿ ಬರೆದದ್ದು. ವಾದಕರು ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಹಿಂಬದಿಯ ತಂತಿಯ ಮೇಲೆ ಕಮಾನು ಎಳೆಯುತ್ತಾರೆ, ವಾದ್ಯದ ಒಡಲನ್ನು ಬೆರಳಿನಿಂದ ತಟ್ಟುತ್ತಾರೆ, ಪಕ್ಕಪಕ್ಕದ ಸ್ವರಗಳನ್ನೂ ಅವುಗಳ ನಡುವಿನ ಕಾಲು ಅಂತರಗಳನ್ನೂ ಒಟ್ಟಿಗೆ ನುಡಿಸಿ ಧ್ವನಿಯ ಒಂದು ದಪ್ಪ ಪಟ್ಟಿಯನ್ನೇ ಎಳೆಯುತ್ತಾರೆ. ವಿಶೇಷವೆಂದರೆ ಬರೆದಾಗ ಅದಕ್ಕೆ ಈ ಹೆಸರಿರಲಿಲ್ಲ. 8 ನಿಮಿಷ 37 ಸೆಕೆಂಡು ಎಂಬ ಅವಧಿಯೇ ಅದರ ಶೀರ್ಷಿಕೆಯಾಗಿತ್ತು, ಹಿರೋಷಿಮಾದ ಹೆಸರು ಆಮೇಲೆ ಸೇರಿದ್ದು. ಹಾಗಾಗಿ ಅದರಲ್ಲಿ ಬಾಂಬನ್ನೂ ವಿಮಾನವನ್ನೂ ಹುಡುಕುವ ಅಗತ್ಯವಿಲ್ಲ, ಸದ್ದನ್ನು ಸದ್ದೆಂದೇ ಕೇಳಬಹುದು. ತಮಗೆ ಹಿಡಿಸದಿದ್ದರೂ ಅದು ತಪ್ಪಲ್ಲ. ಮೊದಲ ಪಾಠಕ್ಕೆ ಕಳಿಸುವಂಥ ಕೃತಿಯಲ್ಲ ಎಂದು ಮಗಳಿಗೆ ನನ್ನ ಪರವಾಗಿ ತಿಳಿಸಿ. ಅದರ ಬದಲು ಅದೇ ಪೆಂಡೆರೆಟ್ಸ್ಕಿಯವರ 'ಲಾಕ್ರಿಮೋಸಾ' ಕೇಳಿ. 1970ರ ಡಿಸೆಂಬರಿನಲ್ಲಿ ಗುಂಡಿಗೆ ಬಲಿಯಾದ ಹಡಗುಕಟ್ಟೆಯ ಕಾರ್ಮಿಕರ ಸ್ಮಾರಕ 1980ರಲ್ಲಿ ಗ್ದಾನ್ಸ್ಕ್ ನಗರದಲ್ಲಿ ತೆರೆದಾಗ, ಸಾಲಿಡಾರಿಟಿ ಕಾರ್ಮಿಕ ಸಂಘಟನೆಯ ಕೋರಿಕೆಯ ಮೇರೆಗೆ ಬರೆದದ್ದದು. ಒಬ್ಬಳೇ ಗಾಯಕಿ, ಒಂದು ಮೇಳ, ಐದಾರು ನಿಮಿಷ.

ಎರಡನೆಯ ಪ್ರಶ್ನೆ ಭಾಷೆಯದು. ಅದಕ್ಕೆ ಹೆನ್ರಿಕ್ ಗುರೆಟ್ಸ್ಕಿಯವರ ಮೂರನೆಯ ಸಿಂಫನಿಯೇ ಉತ್ತರವಾಗಬಹುದು. ಕಲ್ಲಿದ್ದಲ ಗಣಿಗಳ ಕತೊವಿತ್ಸೆ ನಗರದಲ್ಲಿದ್ದ ಈ ಸಂಗೀತಗಾರರು 1976ರಲ್ಲಿ ಬರೆದ ಈ ಸಿಂಫನಿಯ ಮೂರೂ ಭಾಗಗಳು ವಿಲಂಬಿತದಲ್ಲೇ ಇವೆ. ಮೊದಲ ಭಾಗ ಅತಿ ತಗ್ಗಿನ ಡಬಲ್ ಬಾಸ್‌ಗಳಿಂದ ಕೇಳಿಯೂ ಕೇಳದ ಹಾಗೆ ಹೊರಟು, ಒಂದೇ ಧಾಟಿಯನ್ನು ಒಂದು ಗುಂಪಿನ ನಂತರ ಇನ್ನೊಂದು ಗುಂಪು ಎತ್ತಿಕೊಳ್ಳುತ್ತ ಇಡೀ ಮೇಳವನ್ನು ತುಂಬುತ್ತದೆ; ನಿಧಾನಗತಿಯ ಬಡೇ ಖಯಾಲಿನ ತಾಳ್ಮೆ ಇದ್ದವರಿಗೆ ಇದು ಹೊಸತೆನಿಸದು. ಎರಡನೆಯ ಭಾಗದ ಮಾತುಗಳು ಝಕೊಪಾನೆ ಎಂಬ ಗುಡ್ಡದೂರಿನಲ್ಲಿ ನಾಜಿ ಗುಪ್ತ ಪೊಲೀಸರಾದ ಗೆಸ್ಟಾಪೊದ ಸೆರೆಮನೆಯ ಗೋಡೆಯ ಮೇಲೆ 1944ರಲ್ಲಿ 18 ವರ್ಷದ ಹುಡುಗಿಯೊಬ್ಬಳು ಗೀಚಿದವು: ಅಮ್ಮಾ, ಅಳಬೇಡ ಎಂದು ಆರಂಭವಾಗಿ, ಸ್ವರ್ಗದ ರಾಣಿಯಾದ ಮರಿಯಮ್ಮನ ಮೊರೆ ಹೋಗುತ್ತವೆ. ಬೇರೆ ಗೋಡೆಬರಹಗಳಲ್ಲಿ ಸೇಡಿನ ಕೂಗಿದ್ದಾಗ ಇದರಲ್ಲಿ ತಾಯಿಯ ಚಿಂತೆಯಷ್ಟೇ ಇದ್ದದ್ದು ಗುರೆಟ್ಸ್ಕಿಯವರನ್ನು ಹಿಡಿದು ನಿಲ್ಲಿಸಿತು. ಹೀಗೆ ಎರಡು ಸಾಲಿನ ಅರ್ಥ ತಿಳಿದಿದ್ದರೆ ಸಾಕಲ್ಲವೇ? 1992ರಲ್ಲಿ ಹೊರಬಂದ ಇದರ ಧ್ವನಿಮುದ್ರಣ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು, ಕೊಂಡವರಲ್ಲಿ ಬಹುಪಾಲು ಜನಕ್ಕೆ ಪೋಲಿಷ್ ಬಾರದು. 2014ರಲ್ಲಿ ಬ್ರಿಟಿಷ್ ಪಾಪ್ ಗಾಯಕಿ ಬೆತ್ ಗಿಬ್ಬನ್ಸ್ ಭಾಷೆಯರಿಯದೆಯೇ ಮಾತುಗಳನ್ನು ಅಭ್ಯಾಸ ಮಾಡಿ ವಾರ್ಸಾದಲ್ಲಿ ಇದನ್ನು ಹಾಡಿದರು. ಅಂದು ಮೇಳವನ್ನು ನಿರ್ದೇಶಿಸಿದವರು ಬೇರಾರೂ ಅಲ್ಲ, ತಾವು ಎರಡೇ ನಿಮಿಷಕ್ಕೆ ನಿಲ್ಲಿಸಿದ ಪೆಂಡೆರೆಟ್ಸ್ಕಿ.

ಝಕೊಪಾನೆಯ ಹೆಸರು ಬಂದದ್ದರಿಂದ ಅಲ್ಲಿನ ಒಂದು ಮನೆಯ ಮಾತನ್ನೂ ಹೇಳಬೇಕು. ಸಂಗೀತ ರಚನಕಾರ ಕರೋಲ್ ಶಿಮನೋಫ್ಸ್ಕಿ 1930ರ ದಶಕದಲ್ಲಿ ವಾಸವಾಗಿದ್ದ ಆ ಮರದ ಮನೆಯ ಹೆಸರು 'ಆತ್ಮಾ', ನಮ್ಮ ಸಂಸ್ಕೃತದ ಮಾತೇ. ಆ ಬೆಟ್ಟದ ಜನರ ಪಿಟೀಲು ಸಂಗೀತದಲ್ಲಿಯೂ ತೀವ್ರ ಮಧ್ಯಮವೇ ಪ್ರಧಾನ, ಅದರ ಜೊತೆಗೆ ಆಗಾಗ ಕೋಮಲ ನಿಷಾದ ಸೇರುತ್ತದೆ. ಆದರೆ ಅವರ ಕುಣಿತ ಎರಡರ ಲೆಕ್ಕದ್ದು, ಮಜುರ್ಕಾ ಅವರದಲ್ಲ. ಶಿಮನೋಫ್ಸ್ಕಿ ತಮ್ಮ ಕೃತಿ ಸಂಖ್ಯೆ 50ರ 20 ಮಜುರ್ಕಾಗಳಲ್ಲಿ ಬೆಟ್ಟದ ಸ್ವರಗಳನ್ನು ಬಯಲಿನ ಮೂರು ಮಾತ್ರೆಗೆ ಹೊಯ್ದರು. ಶೋಪಾನ್‌ನ ಮಜುರ್ಕಾಗಳ ಬೆನ್ನಿಗೇ ಇವನ್ನು ಕೇಳಿದರೆ ನಾನು ಹೇಳುವುದಕ್ಕಿಂತ ಚೆನ್ನಾಗಿ ತಮಗೇ ತಿಳಿಯುತ್ತದೆ.

ಜಾಝ್ ತಮಗೆ ಬೇಡವೆಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಇದೊಂದನ್ನು ನಾನು ಒಪ್ಪುವುದಿಲ್ಲ. ಸ್ಟಾಲಿನ್ ಕಾಲದಲ್ಲಿ ಅಧಿಕಾರಿಗಳ ಕೆಂಗಣ್ಣಿಗೆ ಗುರಿಯಾಗಿ ಮನೆಗಳೊಳಗೆ ಉಳಿದಿದ್ದ ಈ ಸಂಗೀತ 1956ರ ಸುಮಾರಿಗೆ ಬಯಲಿಗೆ ಬಂತು. ಆಧುನಿಕ ಸಂಗೀತದ 'ವಾರ್ಸಾ ಶರತ್ಕಾಲ' ಉತ್ಸವ ಶುರುವಾದದ್ದೂ ಅದೇ ವರ್ಷ. ಕ್ರಿಶ್ತೋಫ್ ಕೊಮೇಡಾ ಕಿವಿ, ಮೂಗು, ಗಂಟಲಿನ ವೈದ್ಯರಾಗಿದ್ದವರು; ಜಾಝ್ ನುಡಿಸುವುದು ಆಸ್ಪತ್ರೆಯ ಸಹೋದ್ಯೋಗಿಗಳಿಗೆ ತಿಳಿಯದಿರಲೆಂದು ತ್ರ್ಚಿನ್ಸ್ಕಿ ಎಂಬ ನಿಜವಾದ ಮನೆತನದ ಹೆಸರನ್ನು ಮುಚ್ಚಿಟ್ಟರು. ಅವರ 'ಆಸ್ಟಿಗ್ಮ್ಯಾಟಿಕ್' ಎಂಬ ರೆಕಾರ್ಡಿನಲ್ಲಿ ಟ್ರಂಪೆಟ್ ಊದಿದ ಯುವಕ ತೊಮಾಶ್ ಸ್ಟಾಂಕೊ. ಅದೇ ಸ್ಟಾಂಕೊ 1980ರಲ್ಲಿ ಭಾರತಕ್ಕೆ ಬಂದು ತಾಜಮಹಲಿನ ಗುಮ್ಮಟದೊಳಗೂ ಕಾರ್ಲಾ ಗುಹೆಗಳಲ್ಲೂ ಒಬ್ಬರೇ ನಿಂತು ಟ್ರಂಪೆಟ್ ನುಡಿಸಿ ಧ್ವನಿಮುದ್ರಿಸಿಕೊಂಡರು. ಒಂದು ಸ್ವರ ಹೊರಟು, ಕಲ್ಲಿಗೆ ತಾಗಿ, ಮರಳಿ ಬರುವಷ್ಟರಲ್ಲಿ ಮುಂದಿನದು ಅದರ ಮೇಲೆ ಕೂರುತ್ತದೆ. ಜೊತೆಗಾರರಾಗಿ ಆ ಗೋಡೆಗಳೇ ಇವೆ. ಜಾಝ್ ಎಂಬ ಹೆಸರು ಮರೆತು ಇದನ್ನು ಒಂದು ರಾತ್ರಿ ಕೇಳಬೇಕೆಂದು ಕೋರುತ್ತೇನೆ.

ರಾಕ್ ಸಂಗೀತದಲ್ಲಿ ಒಬ್ಬರನ್ನು ಹೇಳಿ ಮುಗಿಸುತ್ತೇನೆ: ಚೆಸ್ವಾಫ್ ನೇಮೆನ್. 19ನೇ ಶತಮಾನದ ಕವಿ ನೋರ್ವಿಡ್‌ನ ಶೋಕಗೀತೆಯೊಂದನ್ನು ಅವರು ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ವಾದ್ಯ ಮತ್ತು ವೃಂದಗಾನದೊಂದಿಗೆ ಕಾಲು ಗಂಟೆಗೂ ಮೀರಿ ಹಾಡಿರುವುದು 1970ರಲ್ಲಿ ಬಂದ ರೆಕಾರ್ಡಿನಲ್ಲಿದೆ. 1863ರಲ್ಲಿ ರಷ್ಯದ ಸೈನಿಕರು ಶೋಪಾನ್‌ನ ಪಿಯಾನೊವನ್ನು ವಾರ್ಸಾದ ಅರಮನೆಯೊಂದರ ಕಿಟಕಿಯಿಂದ ಬೀದಿಗೆಸೆದಾಗ ಅದರ ಮೇಲೆ ಕವಿತೆ ಬರೆದವನೂ ಇದೇ ನೋರ್ವಿಡ್. ಪಂಕ್, ಮೆಟಲ್, ಹಿಪ್‌ಹಾಪ್‌ಗಳೂ ಅಲ್ಲಿ ಹುಲುಸಾಗಿವೆ. ಅವನ್ನು ಮಗಳಿಗೇ ಬಿಡಿ.

ಒಂದು ವಾದ್ಯದ ಹೆಸರನ್ನು ಮಾತ್ರ ಬರೆದಿಟ್ಟುಕೊಳ್ಳಿ, ಅದು 'ಸೂಕಾ'. ಮೊಣಕಾಲಿನ ಮೇಲೆ ನೆಟ್ಟಗೆ ನಿಲ್ಲಿಸಿ ನುಡಿಸುವ ಈ ಹಳ್ಳಿಯ ಪಿಟೀಲಿನ ತಂತಿಯನ್ನು ಬೆರಳಿನ ತುದಿಯಿಂದ ಒತ್ತುವುದಿಲ್ಲ, ಉಗುರಿನಿಂದ ಪಕ್ಕಕ್ಕೆ ತಾಗಿಸುತ್ತಾರೆ, ನಮ್ಮ ಸಾರಂಗಿಯ ಹಾಗೆಯೇ. ಬಳಕೆ ತಪ್ಪಿ, 19ನೇ ಶತಮಾನದ ಚಿತ್ರಗಳಲ್ಲಷ್ಟೇ ಉಳಿದಿದ್ದ ಇದನ್ನು ಮತ್ತೆ ನುಡಿಸುವಂತೆ ಮಾಡಿದವರಲ್ಲಿ ಮುಖ್ಯರಾದ ಮರಿಯಾ ಪೊಮ್ಯಾನೋಫ್ಸ್ಕಾ ಭಾರತಕ್ಕೆ ಬಂದು ಸಾರಂಗಿ ಕಲಿತವರು.

ಬರುವ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗುವುದಾಗಿ ಬರೆದಿದ್ದೀರಿ. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರಿನವರೆಗೆ ವಾರ್ಸಾದ ವಜೆಂಕಿ ಉದ್ಯಾನದಲ್ಲಿ ಭಾನುವಾರಗಳಂದು ಶೋಪಾನ್‌ನ ಪ್ರತಿಮೆಯಡಿ ಉಚಿತ ಪಿಯಾನೊ ಕಛೇರಿ ನಡೆಯುತ್ತದೆ. 1959ರಿಂದ ಬಂದ ಪದ್ಧತಿಯಿದು. ಮೊದಲಿದ್ದ ಪ್ರತಿಮೆಯನ್ನು ನಾಜಿಗಳು 1940ರಲ್ಲಿ ಸಿಡಿಸಿ ಕರಗಿಸಲು ಒಯ್ದಿದ್ದರು, ಈಗಿನದು ಯುದ್ಧಾನಂತರ ಮತ್ತೆ ಎರಕ ಹೊಯ್ದದ್ದು. ಜನ ಹುಲ್ಲಿನ ಮೇಲೆಯೇ ಕೂರುತ್ತಾರೆ, ಆದ್ದರಿಂದ ಒಂದು ಜಮಖಾನ ಇಟ್ಟುಕೊಳ್ಳಿ. ಆ ಉದ್ಯಾನದಲ್ಲಿ ನವಿಲುಗಳು ಓಡಾಡಿಕೊಂಡಿರುತ್ತವೆ. ಮಜುರ್ಕಾದ ನಡುವೆ ಒಂದು ಕೇಕೆ ಹಾಕಿದರೆ ಅದು ಎಷ್ಟನೇ ಮಾತ್ರೆಗೆ ಬಿತ್ತೆಂದು ನಮಗೆ ಬರೆದು ತಿಳಿಸಿ.

ಇತಿ ವಿಶ್ವಾಸದ,
ಸಂಪಾದಕ