ಬೇಕಿದ್ದುದು ಎಪಾಕ್ಸೈಡ್, ಸಿಕ್ಕಿದ್ದು ಸೈಕ್ಲೊಪ್ರೊಪೇನ್

ಪ್ರಶ್ನೆ: ಸರ್, ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ಕಾರ್ವೋನ್‌ನಿಂದ ಎಪಾಕ್ಸೈಡ್ (ಎರಡು ಇಂಗಾಲ, ಒಂದು ಆಮ್ಲಜನಕದ ಉಂಗುರ) ಪಡೆಯಲು ಕೋರಿ–ಚೈಕೋವ್ಸ್ಕಿ ಕಾರಕ ಬಳಸಿದೆ. ಟ್ರೈಮೀಥೈಲ್‌ಸಲ್ಫಾಕ್ಸೋನಿಯಂ ಅಯೋಡೈಡ್‌ಗೆ ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ದ್ರಾವಕದಲ್ಲಿ ಸೋಡಿಯಂ ಹೈಡ್ರೈಡ್ ಸೇರಿಸಿದ್ದೆ. ಬಂದದ್ದು ಸೈಕ್ಲೊಪ್ರೊಪೇನ್ (ಮೂರು ಇಂಗಾಲಗಳ ಉಂಗುರ). ಏಕೆ?

ಉತ್ತರ: ನಿಮ್ಮ ಕಾರಕ ತನ್ನ ಸ್ವಭಾವದಂತೆಯೇ ನಡೆದಿದೆ, ಆಯ್ಕೆಯಷ್ಟೇ ಬೇರೆಯಾಗಬೇಕಿತ್ತು. ಕೋರಿ ಮತ್ತು ಚೈಕೋವ್ಸ್ಕಿ 1960ರ ದಶಕದ ಮೊದಲರ್ಧದಲ್ಲಿ ಸಲ್ಫೋನಿಯಂ ಮತ್ತು ಸಲ್ಫಾಕ್ಸೋನಿಯಂ ಎಂಬ ಎರಡು ಗಂಧಕ ಇಲೈಡ್‌ಗಳನ್ನು (ಧನಾವೇಶದ ಗಂಧಕದ ಪಕ್ಕದಲ್ಲೇ ಋಣಾವೇಶದ ಇಂಗಾಲವಿರುವ ಅಣುಗಳು) ಬಳಕೆಗೆ ತಂದರು. ಎರಡೂ ಒಂದೊಂದು ಸಿಎಚ್2 ಗುಂಪನ್ನು ಕೊಡುತ್ತವೆ, ಆದರೆ ಕೊಡುವ ಜಾಗ ಬೇರೆ.

ಸಲ್ಫೋನಿಯಂ ಇಲೈಡ್ ಚುರುಕು. ಅದು ಕೀಟೋನ್‌ನ ಕಾರ್ಬೊನಿಲ್ (ಇಂಗಾಲ–ಆಮ್ಲಜನಕ ದ್ವಿಬಂಧ) ಇಂಗಾಲಕ್ಕೆ ಸೇರಿದರೆ ಹಿಂದಿರುಗುವುದಿಲ್ಲ. ಆಮ್ಲಜನಕ ಒಳಗಿನಿಂದ ದಾಳಿ ಮಾಡಿ ಡೈಮೀಥೈಲ್ ಸಲ್ಫೈಡನ್ನು ಹೊರದೂಡುತ್ತದೆ, ಎಪಾಕ್ಸೈಡ್ ಉಳಿಯುತ್ತದೆ. ನೀವು ಬಳಸಿದ ಸಲ್ಫಾಕ್ಸೋನಿಯಂ ಇಲೈಡ್‌ನ ಋಣಾವೇಶ ಹೆಚ್ಚು ಸ್ಥಿರ. ಅದು ಕಾರ್ಬೊನಿಲ್‌ಗೆ ಸೇರಿದರೂ ಬಿಟ್ಟು ಬರಬಲ್ಲದು. ಹೀಗೆ ಸೇರುತ್ತ ಬಿಡುತ್ತ ಇರುವಾಗ ಪಕ್ಕದ ಇಂಗಾಲ–ಇಂಗಾಲ ದ್ವಿಬಂಧದ ತುದಿಗೆ ಸೇರಿದ ಅಣುಗಳು ಉಂಗುರ ಮುಚ್ಚಿ ಸೈಕ್ಲೊಪ್ರೊಪೇನ್ ಆಗಿಬಿಡುತ್ತವೆ. ಪಕ್ಕದಲ್ಲಿ ದ್ವಿಬಂಧವಿಲ್ಲದ ಸೈಕ್ಲೊಹೆಕ್ಸನೋನ್‌ನಂಥ ಕೀಟೋನ್ ಆಗಿದ್ದರೆ ಇದೇ ಕಾರಕ ಎಪಾಕ್ಸೈಡನ್ನೇ ಕೊಡುತ್ತಿತ್ತು.

ಆದ್ದರಿಂದ ಟ್ರೈಮೀಥೈಲ್‌ಸಲ್ಫೋನಿಯಂ ಅಯೋಡೈಡ್ ಬಳಸಿ. ಡೈಮೀಥೈಲ್ ಸಲ್ಫೈಡ್‌ಗೆ ಮೀಥೈಲ್ ಅಯೋಡೈಡ್ ಬೆರೆಸಿದರೆ ಸಾಮಾನ್ಯ ತಾಪದಲ್ಲೇ ಆ ಲವಣ ಘನವಾಗಿ ಬೇರ್ಪಡುತ್ತದೆ. ಸಲ್ಫಾಕ್ಸೋನಿಯಂ ಲವಣಕ್ಕೆ ಮಾತ್ರ ದಿನಗಟ್ಟಲೆ ರಿಫ್ಲಕ್ಸ್ (ಆವಿಯನ್ನು ತಣಿಸಿ ಮರಳಿಸುತ್ತ ಕುದಿಸುವುದು) ಬೇಕು: ಮೀಥೈಲ್ ಗುಂಪು ಮೊದಲು ಡಿಎಂಎಸ್‌ಒದ ಆಮ್ಲಜನಕವನ್ನು ಹಿಡಿಯುತ್ತದೆ, ನಿಧಾನವಾಗಿ ಗಂಧಕಕ್ಕೆ ನೆಲೆ ಬದಲಿಸುತ್ತದೆ. ನನಗೆ ಈ ತಯಾರಿಕೆಯಲ್ಲಿ ಅತಿ ಸುಂದರವೆನಿಸುವುದು ಇದೇ. ಮೀಥೈಲ್ ಅಯೋಡೈಡ್ 42 ಡಿಗ್ರಿಗೇ ಕುದಿಯುವ ವಿಷ. ಫ್ಯೂಮ್ ಹುಡ್‌ನ ಹೊರಗೆ ಬಾಟಲಿ ತೆರೆಯಬೇಡಿ.

ಸಲ್ಫೋನಿಯಂ ಇಲೈಡನ್ನು 0 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ತಯಾರಿಸಿ ಕೂಡಲೇ ಬಳಸಿ, ಬಿಸಿಯಾದರೆ ಕೆಡುತ್ತದೆ. ಹೊರಬರುವ ಸಲ್ಫೈಡ್ ಗಬ್ಬು ನಾರುತ್ತದೆ; ಅನಿಲವನ್ನು ಬ್ಲೀಚ್ ದ್ರಾವಣದ ಮೂಲಕ ಹಾಯಿಸಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೋಡಿಯಂ ಹೈಡ್ರೈಡ್ ಮತ್ತು ಡಿಎಂಎಸ್‌ಒ ಮಿಶ್ರಣ ಬಿಸಿಯಾದರೆ ಸ್ಫೋಟಿಸಿದ ಪ್ರಕರಣಗಳಿವೆ. ಪುಸ್ತಕದ ಪ್ರಮಾಣವನ್ನು ಹತ್ತು ಪಟ್ಟು ಹೆಚ್ಚಿಸುವ ಉತ್ಸಾಹ ಬೇಡವೇ ಬೇಡ. 10 ಮಿಲಿಮೋಲ್ ಹೈಡ್ರೈಡ್‌ಗೇ ಸುಮಾರು 240 ಮಿಲಿಲೀಟರ್ ಹೈಡ್ರೋಜನ್ ಬರುತ್ತದೆ, ಹೋಗಲು ದಾರಿ ಬಿಡಿ. ಪೊಟ್ಯಾಸಿಯಂ ಟರ್ಷಿಯರಿ ಬ್ಯುಟಾಕ್ಸೈಡ್ ಬಳಸಿದರೆ ಈ ಹೈಡ್ರೋಜನ್ ಇರುವುದಿಲ್ಲ.

ಮುಂದಿನ ಸಲ ಮೊದಲು ಐಆರ್ (ಅವಕೆಂಪು ವರ್ಣಪಟಲ) ನೋಡಿ. ಕಾರ್ಬೊನಿಲ್ ಪಟ್ಟಿ ಮಾಯವಾಗಿದ್ದರೆ ಎಪಾಕ್ಸೈಡ್. ಅದು ಉಳಿದು, ಎನ್‌ಎಂಆರ್‌ನಲ್ಲಿ (ಹೈಡ್ರೋಜನ್‌ಗಳ ನೆಲೆ ತೋರುವ ವರ್ಣಪಟಲ) 6.7 ಪಿಪಿಎಂ ಬಳಿಯ, ಆ ದ್ವಿಬಂಧದ ಹೈಡ್ರೋಜನ್ ಹೋಗಿದ್ದರೆ ಮತ್ತೆ ಸೈಕ್ಲೊಪ್ರೊಪೇನ್.